ಎರಡು ವರ್ಷದ ಟೈರು

ಅಮೆರಿಕಕ್ಕೆ ಬಂದ ಮೇಲೆ ಬಹಳ ವರ್ಷ ನಾನು ಒಂದೂ ಒಳ್ಳೆಯ ಟೈರು ಕೊಳ್ಳಲಿಲ್ಲ. ಹೇಳಿಕೊಳ್ಳುವುದಕ್ಕೆ ಸ್ವಲ್ಪ ಸಂಕೋಚ, ಏಕೆಂದರೆ ನನ್ನ ಅನ್ನವೇ ಕಾರಿನದು. ವಿಕ್ಸಮ್ ಎಂಬ ಊರಿನಲ್ಲಿ ಬ್ರೇಕಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಕೂತು, ಓಡುವ ಕಾರನ್ನು ನಿಲ್ಲಿಸುವುದು ಹೇಗೆಂದು ದಿನವಿಡೀ ತಲೆ ಕೆಡಿಸಿಕೊಳ್ಳುವವನು, ಸಂಜೆ ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಗೆ ಬರುತ್ತಿದ್ದದ್ದು ಪೇಟೆಯಲ್ಲೇ ಅತಿ ಅಗ್ಗದ ಟೈರುಗಳ ಮೇಲೆ. ಇದು ಶುದ್ಧ ಜಿಪುಣತನವೆಂದು ನನ್ನ ಹೆಂಡತಿ ಪದ್ಮ ಹೇಳುತ್ತಿದ್ದಳು. ನನ್ನ ಸಮರ್ಥನೆ ಬೇರೆ ಇತ್ತು. ಇನ್ನೆರಡು ವರ್ಷದಲ್ಲಿ ನಾವು ಮೈಸೂರಿಗೆ ವಾಪಸು ಹೋಗುವವರು. ಎರಡು ವರ್ಷ ಇರುವವನಿಗೆ ನಾಲ್ಕು ವರ್ಷ ಬಾಳುವ ಟೈರು ಯಾತಕ್ಕೆ?

ಈ ಎರಡು ವರ್ಷ ಎನ್ನುವುದು ಆಗ ನಮ್ಮವರೆಲ್ಲರ ಮನೆಯಲ್ಲೂ ಇತ್ತು. ಬೇಸಿಗೆಯ ಪಿಕ್‌ನಿಕ್ಕುಗಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದ ಹಾಗೆಯೇ ಯಾರಾದರೊಬ್ಬರು ಅದನ್ನೂ ಬಿಚ್ಚುತ್ತಿದ್ದರು. ಎರಡು ವರ್ಷಕ್ಕೆ ಸಾಕಾಗುವ ಸೋಫಾ, ಎರಡು ವರ್ಷಕ್ಕೆ ಸಾಕಾಗುವ ಪರದೆ. ವರ್ಷ ಕಳೆದರೂ ಅದು ಒಂದಾಗುತ್ತಿರಲಿಲ್ಲ, ಎರಡಾಗಿಯೇ ಉಳಿಯುತ್ತಿತ್ತು. ಗಣಿತದಲ್ಲಿ ಇಂಥ ಸಂಖ್ಯೆಗೆ ಏನೆನ್ನುತ್ತಾರೋ, ನಾನು ಓದಿದ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಟೈರಿನ ಯೋಚನೆ ಬರುತ್ತಿದ್ದದ್ದು ಏಪ್ರಿಲ್‌ನಲ್ಲಿ. ಚಳಿಗಾಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಒರಟು ಸ್ನೋ ಟೈರು. ಹಿಮ ಕರಗಿದ ಮೇಲೆ ಅವನ್ನು ಬಿಚ್ಚಿಸಿ, ಗರಾಜಿನ ಮೂಲೆಯಲ್ಲಿ ಮಲಗಿಸಿದ್ದ ಬೇಸಿಗೆಯ ಟೈರುಗಳನ್ನು ಹೊರಗೆ ಉರುಳಿಸಿ, ಇನ್ನೊಂದು ಬೇಸಿಗೆ ತಡೆದಾವೇ ಎಂದು ಬೆರಳಾಡಿಸಿ ನೋಡಬೇಕು. ನುಣ್ಣಗಾಗಿದ್ದರೆ ಅಂಗಡಿಗೆ ಓಡಬೇಕು. ಪೆಟ್ರೋಲಿನ ಬರದಲ್ಲಿ ಗ್ಯಾಸ್ ಸ್ಟೇಷನ್‌ಗಳ ಮುಂದೆ ಸಾಲು ನಿಂತದ್ದು ಎಲ್ಲರಿಗೂ ನೆನಪಿದ್ದ ಆ ವರ್ಷಗಳಲ್ಲಿ ರೇಡಿಯಲ್ ಎಂಬ ಹೊಸ ಬಗೆಯ ಟೈರು ಮನೆಮಾತಾಗುತ್ತಿತ್ತು. ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು, ಹಳೆಯ ಬಗೆಗಿಂತ ದುಪ್ಪಟ್ಟು ಬಾಳುತ್ತದೆ ಎಂದು ಹೇಳುತ್ತಿದ್ದರು. ಒಂದೇ ತೊಡಕೆಂದರೆ, ಅದನ್ನು ಹಳೆಯ ಬಗೆಯ ಜೊತೆ ಬೆರೆಸುವ ಹಾಗಿಲ್ಲ. ಮುಂದೆ ಒಂದು, ಹಿಂದೆ ಒಂದು ಹಾಕಿದರೆ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ಹಾಕಿದರೆ ನಾಲ್ಕೂ ಹಾಕಬೇಕು, ಇಲ್ಲದಿದ್ದರೆ ಅದರ ಆಸೆಯನ್ನೇ ಬಿಡಬೇಕು. ಪ್ರತಿ ವರ್ಷ ನಾನು ಅವುಗಳ ಮುಂದೆ ಗಂಭೀರವಾಗಿ ನಿಂತು, ಎರಡು ಅಗ್ಗದವನ್ನು ಹಾಕಿಸಿಕೊಂಡು ಬರುತ್ತಿದ್ದೆ.

ಟೈರಿನ ಬಗ್ಗೆ ಇನ್ನೊಂದು ಸಂಗತಿಯನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಎಷ್ಟೇ ದೊಡ್ಡ ಕಾರಾಗಲಿ, ಒಂದೊಂದು ಟೈರೂ ನೆಲಕ್ಕೆ ತಗಲುವುದು ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳು, ಡಿಕ್ಕಿಯಲ್ಲಿ ಅಕ್ಕಿಮೂಟೆ, ಎಲ್ಲರನ್ನೂ ಎಲ್ಲವನ್ನೂ ಹೊತ್ತದ್ದು ಆ ನಾಲ್ಕು ಅಂಗೈ. ನನ್ನ ಷಡ್ಡಕ ಶ್ರೀಧರ ಇದನ್ನು ಕೇಳಿದಾಗಲೆಲ್ಲ, ಕೂತು ತಿನ್ನೋ ಹೊತ್ತಲ್ಲಿ ಹೆದರಿಸಬೇಡಯ್ಯಾ ಎಂದು ನಗುತ್ತಿದ್ದ.

ಶ್ರೀಧರ ಪದ್ಮಳ ತಂಗಿ ಸರೋಜಳ ಗಂಡ. ಶಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿ ಅವರ ಮನೆ, ನಮ್ಮಿಂದ ಐದು ಗಂಟೆಯ ದಾರಿ. ಅವನು ಒಂದು ಜನವರಿಯ ಬೆಳಿಗ್ಗೆ ಮನೆ ಮುಂದಿನ ಹಿಮ ತೆಗೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಇನ್ನೂ ನಲವತ್ತು ತುಂಬಿರಲಿಲ್ಲ. ಸರೋಜಳಿಗೆ ಉಳಿದದ್ದು ಒಂದನೇ ಕ್ಲಾಸಿನ ಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸ, ಮತ್ತು ಹಿಂದಿನ ಚಕ್ರಗಳಿಗೆ ಶ್ರೀಧರನೇ ಹಾಕಿಸಿದ್ದ ಸ್ನೋ ಟೈರಿನ ಹಸಿರು ಕಾರು.

ಮುಂದೇನು ಎನ್ನುವುದನ್ನು ನಾವು ಬಹಳ ಜವಾಬ್ದಾರಿಯಿಂದ ತೀರ್ಮಾನಿಸಿದೆವು. ನಾವು ಎಂದರೆ ನಾನು, ಶಿಕಾಗೋದ ಒಬ್ಬಿಬ್ಬರು ಹಿರಿಯರು, ಟ್ರಂಕ್ ಕಾಲ್‌ನ ಆ ತುದಿಯಲ್ಲಿ ಕಿರುಚುತ್ತಿದ್ದ ಮೈಸೂರಿನ ಅವಳ ಅಣ್ಣ. ಅಣ್ಣ ಮಹಡಿಯ ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ. ಸ್ಕೂಲು ಮುಗಿದ ಕೂಡಲೇ, ಜೂನ್‌ನಲ್ಲಿ, ತಾಯಿ ಮಗಳು ಹೊರಡುವುದು. ಅಷ್ಟರೊಳಗೆ ಮನೆ ಖಾಲಿ ಮಾಡಿಸುವುದು, ಕಾರು ಮಾರಿಸುವುದು ನನ್ನ ಪಾಲಿಗೆ ಬಂತು. ಸರೋಜ ಎದುರಾಡಲಿಲ್ಲ. ಫೋನಿನಲ್ಲಿ ಹೂಂ ಅನ್ನುತ್ತಿದ್ದಳು. ಆ ಹೂಂ ಎನ್ನುವುದನ್ನೇ ನಾವು ಒಪ್ಪಿಗೆಯೆಂದುಕೊಂಡೆವು.

ಏಪ್ರಿಲ್‌ನಲ್ಲಿ ನಾನು ಲೊಂಬಾರ್ಡ್‌ಗೆ ಹೋದೆ. ಸ್ನೋ ಟೈರು ಬಿಚ್ಚಿಸಿ, ಹಿಂದಕ್ಕೆ ಎರಡು ಅಗ್ಗದ ಬೇಸಿಗೆ ಟೈರು ಹಾಕಿಸಿಬಿಟ್ಟರೆ ಕಾರು ನೋಡಲು ಬರುವವರಿಗೆ ಸಾಕೆಂದು ನನ್ನ ಆಲೋಚನೆ. ಇಂಥ ಟೈರಿನಲ್ಲಿ ನನ್ನಷ್ಟು ಅನುಭವ ಯಾರಿಗಿತ್ತು? ಬರುತ್ತೀಯಾ ಎಂದು ನಾನು ಕರೆಯದಿದ್ದರೂ ಸರೋಜ ಕೋಟು ಹಾಕಿಕೊಂಡು ಬಂದಳು. ಕೀಲಿಯೂ ಅವಳ ಕೈಯಲ್ಲೇ ಇತ್ತು. ಶ್ರೀಧರ ಅವಳಿಗೆ ಡ್ರೈವಿಂಗ್ ಕಲಿಸಿದ್ದ. ಆದರೆ ಆಸ್ಪತ್ರೆ, ಸ್ಕೂಲು, ದಿನಸಿ ಅಂಗಡಿ ಬಿಟ್ಟು ಆಚೆಗೆ, ಹೈವೇ ಮೇಲೆ, ಅವಳು ಒಂದು ದಿನವೂ ಹೋದವಳಲ್ಲ.

ಅಂಗಡಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, ಇದನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದ. ಟೈರು ಕೊಳ್ಳಲು ಬಂದವರಿಗೆಲ್ಲ ಅವನು ಕೇಳುವ ಪ್ರಶ್ನೆ. ಎರಡು ತಿಂಗಳು ಎನ್ನಲು ನಾನು ಬಾಯಿ ತೆರೆದೆ.

"ಭಾವ, ಒಂದ್ನಿಮಿಷ ಇರಿ," ಎಂದಳು ಸರೋಜ. ಆಮೇಲೆ ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನನ್ನ ಮಗಳು ಹೈಸ್ಕೂಲು ಮುಗಿಸುವ ತನಕ ಎಂದಳು.

ಅಷ್ಟು ವರ್ಷ ಬಾಳುವ ಟೈರನ್ನು ಇನ್ನೂ ಯಾರೂ ಮಾಡಿಲ್ಲ ಮೇಡಂ ಎಂದು ಅವನು ನಕ್ಕು, ನಾಲ್ಕು ರೇಡಿಯಲ್ ತೋರಿಸಿದ. ಪಕ್ಕದಲ್ಲಿ ಬಿಳಿ ಪಟ್ಟಿ ಇರುವುದೋ, ಬರೀ ಕಪ್ಪೋ ಎಂದು ಕೇಳಿದ. ಅವಳು ಎರಡನ್ನೂ ನೋಡಿ ಬಿಳಿ ಪಟ್ಟಿಯದನ್ನು ಮುಟ್ಟಿದಳು. ಶ್ರೀಧರ ಹೋದಮೇಲೆ ಅವಳು ಏನನ್ನಾದರೂ ಚೆನ್ನಾಗಿದೆಯೆಂದು ಆರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಟೈರು ಜೋಡಿಸುವ ತನಕ ಅಂಗಡಿಯ ಬೆಂಚಿನ ಮೇಲೆ ಕೂತೆವು. ಸುತ್ತಲೂ ಹೊಸ ರಬ್ಬರಿನ ಘಾಟು. ಮೊದಲೇ ಹೇಳಬಹುದಿತ್ತಲ್ಲಮ್ಮ ಎಂದೆ.

"ಯಾರಿಗೆ ಹೇಳಲಿ ಭಾವ? ನೀವೆಲ್ಲ ನನ್ನ ಒಳ್ಳೇದಕ್ಕೇ ಹೇಳ್ತಿದ್ರಿ, ನಂಗೊತ್ತು. ಆದ್ರೆ ಏನು ಮಾಡ್ತೀಯ ಅಂತ ಕೇಳಿದ್ದು ಈ ಅಂಗಡಿಯವನೊಬ್ಬನೇ."

ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಭಯ ಇಲ್ಲ ಅಂತಲ್ಲ," ಎಂದಳು. "ಅಲ್ಲಿಗೆ ಹೋದ್ರೆ ಅಣ್ಣ ಚೆನ್ನಾಗೇ ನೋಡ್ಕೋತಾನೆ. ಆದ್ರೆ ನಾನು ಮಹಡಿ ಮೇಲಿನ ರೂಮಲ್ಲಿರೋಳು ಅಷ್ಟೇ ಆಗ್ತೀನಿ. ಇಲ್ಲಿ ಬೆಳಿಗ್ಗೆ ಎದ್ರೆ ನಂಗೊಂದು ಕೆಲಸ ಇದೆ. ಅಣ್ಣಂಗೆ ನಾನೇ ಫೋನ್ ಮಾಡಿ ಹೇಳ್ತೀನಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವಳ ಈ ಮಾತು ಕೇಳಲು ಶ್ರೀಧರ ಇರಬೇಕಿತ್ತು ಅನ್ನಿಸಿತು. ವಾಪಸು ಬರುವಾಗ ಅವಳೇ ಓಡಿಸಿದಳು. ಪಕ್ಕದಲ್ಲಿ ಕೂತ ಬ್ರೇಕ್ ಎಂಜಿನಿಯರನಾದ ನಾನು ಪ್ರತಿ ಸಿಗ್ನಲ್ಲಿನಲ್ಲೂ ಬರಿಯ ನೆಲವನ್ನು ಕಾಲಿನಿಂದ ಒತ್ತುತ್ತಿದ್ದೆ.

ಮಹಡಿಯ ಕೋಣೆಗೆ ಅಣ್ಣ ಕೊನೆಗೆ ಯಾರೋ ಬಾಡಿಗೆಯವರನ್ನು ಇಟ್ಟ. ಸ್ವಲ್ಪ ದಿನ ಮುನಿಸಿಕೊಂಡಿದ್ದ, ಸರಿಹೋಯಿತು. ಜೂನ್‌ನ ಒಂದು ಶನಿವಾರ, ವಿಮಾನ ಹತ್ತಬೇಕಾಗಿದ್ದ ಸರೋಜ ಮಗಳನ್ನು ಹಿಂದೆ ಕೂರಿಸಿಕೊಂಡು ತಾನೇ ಹೈವೇ ಹಿಡಿದು ಲೊಂಬಾರ್ಡ್‌ನಿಂದ ನಮ್ಮ ಮನೆಗೆ ಬಂದಳು. ಮಧ್ಯಾಹ್ನದಿಂದ ಕಿಟಕಿ ಬಿಟ್ಟು ಕದಲದಿದ್ದ ಪದ್ಮ ಬರಿಗಾಲಿನಲ್ಲೇ ಓಡಿಹೋಗಿ ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ನಾನು ಬಗ್ಗಿ ಟೈರು ನೋಡುವವನ ಹಾಗೆ ಕಾರಿನ ಆಚೆ ಬದಿಗೆ ಹೋಗಿ ಕಣ್ಣೊರೆಸಿಕೊಂಡೆ. ಟೈರುಗಳು ಸಮವಾಗಿಯೇ ಸವೆಯುತ್ತಿದ್ದವು.

ಭಾನುವಾರ ಮಧ್ಯಾಹ್ನ ಅವರು ಹೊರಟುಹೋದರು. ಮನೆ ಬಿಕೋ ಎನ್ನುತ್ತಿತ್ತು. ಆ ಏಪ್ರಿಲ್‌ನ ಗಡಿಬಿಡಿಯಲ್ಲಿ ಹೊಸದು ಹಾಕಿಸದೆ ಬಿಟ್ಟಿದ್ದ ನಮ್ಮ ಕಾರಿನ ಟೈರುಗಳು ಅಷ್ಟು ಹೊತ್ತಿಗೆ ನುಣ್ಣಗಾಗಿದ್ದವು. ನಾನು ಅಭ್ಯಾಸಬಲದಿಂದ ಪತ್ರಿಕೆಯಲ್ಲಿ ಅಗ್ಗದ ಟೈರಿನ ಜಾಹೀರಾತು ಹುಡುಕುತ್ತಿದ್ದೆ. ಎದುರಿಗೆ ಪದ್ಮ ಕಾಫಿ ಕುಡಿಯುತ್ತ ಕೂತಿದ್ದಳು. ಅವಳ ಮುಖ ನೋಡಿದಾಗ ಒಂದು ವಿಷಯ ಹೊಳೆಯಿತು. ವಾಪಸು ಹೋಗುವ ಮಾತನ್ನು ನಾನು ಈ ಮನೆಯಲ್ಲಿ ಎಷ್ಟೋ ಸಲ ಆಡಿದ್ದೇನೆ. ಅವಳನ್ನು ಕೇಳಿಯೇ ಇಲ್ಲ.

"ಪದ್ಮ, ನಿನಗೆ ವಾಪಸು ಹೋಗೋಕೆ ಇಷ್ಟ ಇದೆಯಾ?" ಎಂದೆ.

ಅವಳು ಲೋಟ ಕೆಳಗಿಟ್ಟಳು. ನನ್ನ ಕೈಯಲ್ಲಿದ್ದ ಪತ್ರಿಕೆ ತೆಗೆದು ಮಡಿಸಿಟ್ಟು, "ಈಗ ಕೇಳ್ತಿದೀರಿ. ಯೋಚನೆ ಮಾಡಿ ಹೇಳ್ತೀನಿ," ಎಂದಳು. "ಅಲ್ಲೀವರೆಗೂ ಟೈರ್ ತರಬೇಡಿ."

ತರಲಿಲ್ಲ. ಆ ಬೇಸಿಗೆಯ ಬಹುಭಾಗ ಸವೆದ ಟೈರುಗಳ ಮೇಲೆ, ಬಹಳ ನಿಧಾನವಾಗಿ, ಅವಳ ಉತ್ತರಕ್ಕೆ ಕಾಯುತ್ತ ಓಡಾಡಿದೆ.