ಬದುವಿಗೆ ಸಲ್ಲುವ ಪಾಲು

ಪ್ರಭು ಯೇಸುವಿನಲ್ಲಿ ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಕಳೆದ ವರ್ಷ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಎರಡೇ ದಿನ ಉಳಿದಿರುವಾಗ ನನ್ನ ಮಾವ ಚಿನ್ನಪ್ಪನವರು ಮನೆಯಿಂದ ಕಾಣೆಯಾದರು. ಎಪ್ಪತ್ತಾರು ವರ್ಷ, ಸಕ್ಕರೆ ಕಾಯಿಲೆ, ಅದರ ಮೇಲೆ ಮರೆವು. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಅವರು ಹೇಗೆ ಸಿಕ್ಕರು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಆದರೆ ಹೇಗೆ ಕಳೆದುಹೋದರು ಎಂಬುದನ್ನೂ ಹೇಳಬೇಕು, ಅದರಲ್ಲಿ ನನ್ನ ತಪ್ಪಿದೆ. ಆ ಭಾಗ ಬಿಟ್ಟು ಬರೆದರೆ ದೇವರಿಗೆ ಅರ್ಧ ಸಾಕ್ಷಿ ಹೇಳಿದಂತೆ.

ನಾವಿರುವುದು ಕಲಬುರಗಿಯ ಬ್ರಹ್ಮಪುರದಲ್ಲಿ, ಬಾಡಿಗೆ ಮನೆ. ನನ್ನ ಗಂಡ ಅಂತೋಣಿ ಕಪನೂರದ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ನಾನು ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಆಯಾ. ನಮ್ಮ ಮೂಲ ಕಮಲಾಪುರ. ಅಲ್ಲಿ ನಮಗೆ ಗೇಣು ಹೊಲವೂ ಇಲ್ಲ. ಮಾವ ವಯಸ್ಸಿನಲ್ಲಿದ್ದಾಗ ನೀಲಮ್ಮ ಎಂಬವರ ಹೊಲದಲ್ಲಿ ದುಡಿದವರು.

ಮಂಗಳೂರು ಕಡೆಯವರು ಈ ಹಬ್ಬಕ್ಕೆ ಭತ್ತದ ತೆನೆ ತರುತ್ತಾರೆ. ನಮ್ಮ ಕಡೆ ಭತ್ತ ಎಲ್ಲಿಂದ ಬರಬೇಕು? ನಾವು ಸಜ್ಜೆ ತೆನೆ ಒಯ್ಯುತ್ತೇವೆ. ಫಾದರ್ ಮಂತ್ರಿಸಿ ಕೊಟ್ಟ ತೆನೆಯ ಕಾಳನ್ನು ಹಾಲು ಬೆಲ್ಲದಲ್ಲಿ ಹಾಕಿ, ಮನೆಯ ಹಿರಿಯರು ಒಬ್ಬೊಬ್ಬರ ಬಾಯಿಗೆ ಕೊಡಬೇಕು. ಪ್ರತಿ ವರ್ಷ ತೆನೆ ತರುವುದು ನಮ್ಮ ಮಾವನ ಕೆಲಸ. ಹಬ್ಬಕ್ಕೆ ಮುಂಚೆ ಕಮಲಾಪುರಕ್ಕೆ ಹೋಗಿ ನೀಲಮ್ಮನವರ ಹೊಲದಿಂದ ಕಿತ್ತು ತರುವರು. ಪೂಜೆ ಮುಗಿದ ಮೇಲೆ ಮತ್ತೆ ಬಸ್ ಹತ್ತಿ, ಮಂತ್ರಿಸಿದ ಕಾಳಿನಲ್ಲಿ ಹೊಲದವರ ಪಾಲು ಕೊಟ್ಟು ಬರುವರು. ಮರೆವು ಶುರುವಾದ ಮೇಲೂ ಈ ಎರಡು ಪ್ರಯಾಣ ಮಾತ್ರ ಮರೆಯಲಿಲ್ಲ.

ಕಳೆದ ವರ್ಷ ಬೇಡ ಎಂದುಕೊಂಡೆವು. ಅದರ ಹಿಂದಿನ ತಿಂಗಳು ಬಸ್ಸಿನಿಂದ ಇಳಿಯುವಾಗ ಬಿದ್ದಿದ್ದರು. ನಾನೇ ಮಾರ್ಕೆಟ್ಟಿಗೆ ಹೋಗಿ ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳ ಹತ್ತಿರ ತೆನೆ ಕೊಂಡು ತಂದೆ. ಮಾವ ಅದನ್ನು ಮೂಸಿ ನೋಡಿ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಗಂಡ ಮಿಲ್ಲಿಗೆ ಹೋದ ಮೇಲೆ ಕೇಳತೊಡಗಿದರು. "ರೀಟವ್ವ, ಕಮಲಾಪುರಕ್ಕ ಯಾವಾಗ ಹೋಗೂದು?"

"ಈ ಸಲ ಹೋಗಂಗಿಲ್ರೀ ಮಾವ. ತೆನಿ ಬಂದಾವ."

ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಡ್ಯೂಟಿಗೆ ತಡವಾಗಿತ್ತು, ಒಲೆ ಮೇಲೆ ಸಾರು ಉಕ್ಕಿತ್ತು. ಮೂರನೇ ಸಲ ಕೇಳಿದಾಗ ನನ್ನ ತಲೆ ಕೆಟ್ಟಿತು.

"ಹೋಗ್ರಿ! ಒಬ್ರೇ ಹೋಗ್ರಿ! ಯಾರು ಬ್ಯಾಡ ಅಂದಾರ ನಿಮಗ?"

ಬುತ್ತಿ ಎತ್ತಿಕೊಂಡು ಹೊರಟುಹೋದೆ. ನನ್ನದು ಹುಟ್ಟಾ ಮುಂಗೋಪ, ಸಾಸಿವೆ ಸಿಡಿದಂತೆ ಸಿಡಿಯುತ್ತೇನೆ. ಮಧ್ಯಾಹ್ನ ಬಂದು ನೋಡಿದರೆ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಚಪ್ಪಲಿ ಇಲ್ಲ, ಕೋಲೂ ಇಲ್ಲ.

ಗಂಡ ಮಿಲ್ಲಿನಿಂದ ಓಡಿ ಬಂದರು. "ನೀ ಹೋಗುವಾಗ ಅಪ್ಪ ಏನರ ಅಂದನೇನು?" ಎಂದು ಕೇಳಿದರು. "ಏನೂ ಇಲ್ರೀ" ಎಂದೆ. ಅವರ ಮುಖ ನೋಡಿ ನನಗೆ ಭಯವಾಯಿತು, ಆ ಭಯಕ್ಕೆ ಸುಳ್ಳು ಹೇಳಿದೆ. ಆಮೇಲೆ ಮರೆಯಲ್ಲಿ ನಿಂತು ನೀಲಮ್ಮನವರಿಗೆ ಫೋನ್ ಮಾಡಿದೆ. "ಇಲ್ಲವ್ವ, ನಮ್ಮ ಮನಿಗಿ ಬಂದಿಲ್ಲ" ಅಂದರು. ಸುದ್ದಿ ಕೇಳಿ ಅಳಬೇಕಾದವಳು ನಿಟ್ಟುಸಿರು ಬಿಟ್ಟೆ. ಹಾಗಾದರೆ ನನ್ನ ಮಾತಿಗೆ ಹೋದವರಲ್ಲ ಎಂದು ಒಳಗೊಳಗೇ ಸಮಾಧಾನ. ನಾನು ಎಂಥವಳು ಎಂದು ಇದರಿಂದಲೇ ತಿಳಿಯಿರಿ.

ಸುಳ್ಳಿನ ಫಲವಾಗಿ ಎಲ್ಲರೂ ಊರೊಳಗೇ ಹುಡುಕಿದರು. ರೈಲ್ವೆ ಸ್ಟೇಷನ್, ಬಸ್ ನಿಲ್ದಾಣ, ಗುಡಿಗಳ ಕಟ್ಟೆ, ದರ್ಗಾ. ಪೊಲೀಸರಿಗೆ ಫೋಟೋ ಕೊಟ್ಟೆವು. ಸಂಜೆ ಜೋರು ಮಳೆ ಬಂತು. ಮಾವನ ಸಕ್ಕರೆ ಮಾತ್ರೆಗಳು ಅವರ ದಿಂಬಿನ ಕೆಳಗೇ ಇದ್ದವು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಮೇಣದ ಬತ್ತಿ ಹಚ್ಚಿ ಬೇಡಿಕೊಂಡೆ. ಎಲ್ಲಿಗೆ ಹೋಗಿರಬಹುದು ಎಂದು ಗಂಡನಿಗೂ ಹೇಳದೆ, ಸಂತರಿಗೂ ಹೇಳದೆ, ಹುಡುಕಿ ಕೊಡಿ ಎಂದರೆ ಅವರಾದರೂ ಎಲ್ಲಿ ಹುಡುಕಬೇಕು!

ಮರುದಿನ ಮಧ್ಯಾಹ್ನ ಪೊಲೀಸರ ಫೋನ್ ಬಂತು. ಗುರುತು ಸಿಗದ ಮುದುಕರೊಬ್ಬರ ಶವ ಇದೆ, ಬಂದು ನೋಡಿ ಅಂದರು. ನಾನು ಆಸ್ಪತ್ರೆಯಲ್ಲಿ ಎಷ್ಟೋ ಶವಗಳಿಗೆ ಬಟ್ಟೆ ಹೊದಿಸಿದವಳು. ಅಂದು ಶವಾಗಾರದ ಮೆಟ್ಟಿಲನ್ನು ಒಂದೊಂದಾಗಿ ಎಣಿಸುತ್ತ ಹತ್ತಿದೆ. ಗಂಡ ಒಳಗೆ ಹೋಗಲಾರದೆ ಗೋಡೆ ಹಿಡಿದು ನಿಂತರು, ನಾನೇ ಹೋದೆ. ಸಿಬ್ಬಂದಿ ಬಟ್ಟೆ ಸರಿಸಿದ. ಅದು ನಮ್ಮ ಮಾವ ಅಲ್ಲ, ಯಾರೋ ತೆಳ್ಳನೆಯ ಮುದುಕರು, ಕೈ ಮೇಲೆ ಹಚ್ಚೆ ಇತ್ತು. ಈ ಹಿರಿಯರನ್ನು ಯಾವ ಸೊಸೆ ಹೋಗು ಅಂದಳೋ ಎಂಬ ಯೋಚನೆ ಬಂದು ಅಲ್ಲೇ ಕುಸಿದು ಕೂತು ಅತ್ತೆ. ನಮ್ಮವರೇ ಎಂದುಕೊಂಡು ಗಂಡ ಹೊರಗಿನಿಂದ "ಅಪ್ಪಾ" ಎಂದು ಕೂಗಿದ್ದು ಇಂದಿಗೂ ಕಿವಿಯಲ್ಲಿದೆ.

ಮೂರನೇ ದಿನ ಹಬ್ಬ. ಹೋಗುವುದು ಬೇಡ ಎಂದೆ. ಗಂಡ "ಅಪ್ಪ ಇದ್ದಿದ್ರ ಹೋಗ್ತಿದ್ದ" ಎಂದು ಮಾರ್ಕೆಟ್ಟಿನ ತೆನೆಗಳನ್ನೇ ಹಿಡಿದು ಹೊರಟರು. ಚರ್ಚಿನ ತುಂಬ ಹೂವು, ಮಕ್ಕಳ ಹಾಡು, ಹೊಸ ಬಟ್ಟೆ. ಪೂಜೆಯಲ್ಲಿ ಫಾದರ್ ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂದಾಗ ಎಲ್ಲರೂ ಉತ್ತರ ಕೊಟ್ಟರು, ನನ್ನ ಬಾಯಿ ತೆರೆಯಲಿಲ್ಲ. ಯಾವುದಕ್ಕೆ ಸಲ್ಲಿಸಲಿ ತಾಯಿ, ನನ್ನ ನಾಲಿಗೆಗೋ, ನನ್ನ ಸುಳ್ಳಿಗೋ ಎಂದು ಮರಿಯಮ್ಮನವರ ಮೇಲೇ ಸಿಟ್ಟು ಮಾಡಿದೆ. ಪರಮಪ್ರಸಾದ ತೆಗೆದುಕೊಳ್ಳಲಿಲ್ಲ.

ಪೂಜೆ ಮುಗಿದ ಮೇಲೆ ಮಂತ್ರಿಸಿದ ತೆನೆಗಳನ್ನು ಗಂಡ ನನ್ನ ಕೈಗಿಟ್ಟರು. "ಅಪ್ಪ ಇಲ್ಲದ ಕಾಳು ನಾ ಬಾಯಾಗ ಹಾಕಂಗಿಲ್ಲ" ಎಂದರು. ಇನ್ನು ತಡೆಯಲಾಗಲಿಲ್ಲ. ಚರ್ಚಿನ ಗೇಟಿನ ಹತ್ತಿರ, ನಾಲ್ಕು ಜನ ನೋಡುತ್ತಿರುವಂತೆ, ಆ ದಿನ ಬೆಳಿಗ್ಗೆ ನಾನು ಅಂದದ್ದನ್ನೆಲ್ಲ, ಅಲ್ಲಿಗೆ ಬಂದಿಲ್ಲ ಎಂದು ನೀಲಮ್ಮನವರು ಫೋನಿನಲ್ಲಿ ಅಂದದ್ದನ್ನೂ ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಕೈಯಲ್ಲಿದ್ದ ತೆನೆಗಳನ್ನು ನೋಡಿ, "ನಡಿ, ಹೊಲದವರ ಪಾಲರ ಕೊಟ್ಟು ಬರೋಣು. ಅದು ಅಪ್ಪನ ಕೆಲಸ, ಉಳಿಬಾರದು" ಅಂದರು.

ಹುಮನಾಬಾದ್ ಬಸ್ ಹತ್ತಿದೆವು. ಕಪನೂರ ದಾಟಿತು, ಮಿಲ್ಲು ಹಿಂದೆ ಸರಿಯಿತು. ನಾನು ತೆನೆಗಳಿಂದ ಬಿಡಿಸಿದ ಕಾಳಿನ ಗಂಟನ್ನು ಹಿಡಿದು ಕೂತಿದ್ದೆ. ಪ್ರಾರ್ಥನೆಯೂ ಬರುತ್ತಿರಲಿಲ್ಲ.

ನೀಲಮ್ಮನವರು ಹೊಸ ಮನೆಯ ಕಟ್ಟೆ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಕಣ್ಣೊರೆಸಿಕೊಂಡರು. ನಾನು ಗಂಟು ಬಿಚ್ಚಿ ಕಾಳು ಮುಂದೆ ಹಿಡಿದರೆ ಕೈ ಹಿಂದೆ ತೆಗೆದರು.

"ಮೊದಲ ನನಗ ಕೊಡಬ್ಯಾಡವ್ವ. ಚಿನ್ನಪ್ಪ ಎಂದೂ ಹಂಗ ಕೊಟ್ಟಿಲ್ಲ. ಮೊದಲ ಹೊಲದ ಬದುವಿಗಿ ಹಾಕಿ, ಆಮ್ಯಾಲ ಉಳಿದಿದ್ದು ಮನಿಗಿ ತರ್ತಿದ್ದ. ಕೊಟ್ಟ ಮಣ್ಣಿಗಿ ಮೊದಲು, ಉಂಡವರಿಗಿ ಆಮ್ಯಾಲ ಅಂತಿದ್ದ."

ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಪಾಲು ಎಲ್ಲಿಗೆ ಹೋಗುತ್ತದೆ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ.

"ಯಾವ ಹೊಲರೀ ಅಮ್ಮ?" ಗಂಡ ಕೇಳಿದರು.

"ಕೆರಿ ಕಡಿ ಹೊಲ. ಈಗ ಅಲ್ಲಿ ಸಜ್ಜಿ ಇಲ್ಲಪ್ಪ, ಬ್ಯಾರೆಯವರಿಗಿ ಉಳಾಕ ಲಾವಣಿಗಿ ಕೊಟ್ಟೀವಿ. ಕೆಂಬಾಳಿ ಹಚ್ಚ್ಯಾರ. ಅವರು ವಾರಕ್ಕೊಮ್ಮಿ ಬಂದು ನೋಡ್ತಾರ, ಅಷ್ಟೇ."

ಬದುವಿಗೆ ಹಾಕಲೆಂದೇ ಹೋದೆವು. ಬೇರೆ ಯಾವ ಆಸೆಯೂ ನಮ್ಮಲ್ಲಿರಲಿಲ್ಲ, ಅದನ್ನು ಪ್ರಭುವಿನ ಮುಂದೆ ಆಣೆ ಇಟ್ಟು ಹೇಳುತ್ತೇನೆ. ಕೆಸರಿನಲ್ಲಿ ಕಾಲು ಹೂಳುತ್ತಿತ್ತು. ಬಾಳೆಯ ನಡುವೆ ಮೋಟಾರು ಇಡುವ ಸಣ್ಣ ತಗಡಿನ ಕೋಣೆ ಇತ್ತು. ಬದುವಿನ ಮೇಲೆ ನಿಂತು ನಾನು ಒಂದು ಹಿಡಿ ಕಾಳು ಚೆಲ್ಲಿದೆ, ಅಭ್ಯಾಸಬಲದಿಂದ "ನಿನಗೆ ಸ್ತೋತ್ರ ತಂದೆಯೇ" ಎಂಬ ಮಾತು ಬಾಯಿಗೆ ಬಂತು. ಮೂರು ದಿನದಲ್ಲಿ ನಾನು ಆಡಿದ ಮೊದಲ ಕೃತಜ್ಞತೆ ಅದು, ಅದೂ ಒಲ್ಲದ ಮನಸ್ಸಿನದು.

ತಗಡಿನ ಕೋಣೆಯಿಂದ ಯಾರೋ ಕೆಮ್ಮಿದರು.

ಗಂಡ ಓಡಿದರು. ಮಾವ ಗೋಣಿಚೀಲದ ಮೇಲೆ ಗೋಡೆಗೊರಗಿ ಕೂತಿದ್ದರು. ಎಡಗಾಲು ಬಾತು ಕುಂಬಳಕಾಯಿಯಾಗಿತ್ತು. ಸುತ್ತ ಬಾಳೆಹಣ್ಣಿನ ಸಿಪ್ಪೆ. ಕೂಗಿ ಕೂಗಿ ಗಂಟಲು ಹೋಗಿತ್ತು. ನಮ್ಮನ್ನು ನೋಡಿ ಅಳಲಿಲ್ಲ, ಅಂಗಿಯ ಜೇಬಿನಿಂದ ಮೂರು ಸಜ್ಜೆ ತೆನೆ ತೆಗೆದರು. ಬದುವಿನ ಅಂಚಿನಲ್ಲಿ ತಾನಾಗಿ ಹುಟ್ಟಿದ ಬಡಕಲು ತೆನೆಗಳು.

"ತಡ ಆತವ್ವ, ಕಾಲು ಜಾರಿತು. ಇಷ್ಟೇ ಸಿಕ್ಕಾವ. ಹಬ್ಬಕ್ಕ ಸಾಲ್ತಾವೇನು?"

ನಾನು ಅವರ ಕಾಲ ಹತ್ತಿರ ಬಿದ್ದೆ. "ಮಾವ, ನಾನೇ ಹೋಗ್ರಿ ಅಂದೆ. ನನ್ನ ಬಾಯಿಂದ ಹಿಂಗ ಆತು. ತಪ್ಪಾತು ಮಾವ."

ಅವರು ನನ್ನ ತಲೆ ಮೇಲೆ ಕೈಯಿಟ್ಟರು. "ಹೌದಲ್ಲ, ನೀನೇ ಕಳಿಸಿದೆ. ನೆಪ್ಪದ ನನಗ. ಎಲ್ಲರೂ ಬ್ಯಾಡ ಬ್ಯಾಡ ಅನ್ನಾಕತ್ತಿದ್ರು, ನೀ ಒಬ್ಬಾಕಿನೇ ಹೋಗ್ರಿ ಅಂದಿ."

ಎಲ್ಲವನ್ನೂ ಮರೆಯುವವರು ಅದೊಂದನ್ನು ಮರೆತಿರಲಿಲ್ಲ. ನಾನು ಶಾಪದಂತೆ ಎಸೆದ ಮಾತನ್ನು ಅಪ್ಪಣೆಯಾಗಿ ಎತ್ತಿಕೊಂಡು ಎರಡು ದಿನ ಇಟ್ಟುಕೊಂಡಿದ್ದರು. ಗಂಟು ಕೇಳಿ ತೆಗೆದುಕೊಂಡು, ಮಂತ್ರಿಸಿದ ಕಾಳನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿದರು. ಹಾಲಿಲ್ಲ, ಬೆಲ್ಲವಿಲ್ಲ. "ಬಾಯಿ ತೆಗಿ" ಎಂದು ಮೊದಲು ನನಗೇ ಕೊಟ್ಟರು, ಆಮೇಲೆ ಮಗನಿಗೆ. ಗಂಡ ಅದನ್ನು ಅಗಿಯುತ್ತ ಮಗುವಿನಂತೆ ಅತ್ತರು. ನನ್ನ ಕಡೆ ತಿರುಗಿ ಕೈ ಹಿಡಿದರು.

ಮಾವನನ್ನು ಮಗನ ಬೆನ್ನ ಮೇಲೆ ರಸ್ತೆಗೆ ತಂದು, ಆಟೋ ಹಿಡಿದು, ಕಮಲಾಪುರದ ಸರಕಾರಿ ಆಸ್ಪತ್ರೆಗೆ ಸೇರಿಸಿದೆವು. ಮೂಳೆ ಮುರಿದಿತ್ತು. ಸಕ್ಕರೆಯಂತೂ ಮುಗಿಲಿಗೇರಿತ್ತು, ಎರಡು ದಿನ ಬರೀ ಕೆಂಬಾಳೆ ತಿಂದರೆ ಇನ್ನೇನಾಗುತ್ತದೆ? ಡಾಕ್ಟರು ಬೈದರು, ಮಾವ ನಕ್ಕರು. ಎರಡು ತಿಂಗಳಲ್ಲಿ ಕೋಲು ಹಿಡಿದು ನಡೆದರು. ಹಬ್ಬದ ವಾರವೇ ನಾನು ಫಾದರ್ ಹತ್ತಿರ ಪಾಪನಿವೇದನೆ ಮಾಡಿ ಪರಮಪ್ರಸಾದ ತೆಗೆದುಕೊಂಡಿದ್ದೆ.

ಈಗ ಮತ್ತೆ ಹಬ್ಬ ಬಂದಿದೆ. ಇಂದು ಬೆಳಿಗ್ಗೆ ಮಾವ ಕೇಳಿದರು, "ಕಮಲಾಪುರಕ್ಕ ಯಾವಾಗ ಹೋಗೂದು?" "ನಾಳೆ ಹೋಗೋಣ್ರೀ, ನಾನೂ ಬರ್ತೀನಿ" ಎಂದೆ. ಸಾರು ಇಳಿಸುವಷ್ಟರಲ್ಲಿ ಏಳು ಸಲ ಕೇಳಿದರು, ಏಳು ಸಲವೂ ಹೇಳಿದೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇನ್ನು ಸುಳ್ಳು ಹೇಳುವುದಿಲ್ಲ. ಬಂತು, ನುಂಗಿಕೊಂಡೆ. ಒಲ್ಲದ ಬಾಯಿಂದ ಬಂದ ಒಂದು ಸ್ತೋತ್ರವನ್ನೂ ಕೆಳಗೆ ಬೀಳಗೊಡದ ತಂದೆಗೆ, ನಮ್ಮನ್ನು ಬದುವಿನ ತನಕ ಕರೆದೊಯ್ದ ಮರಿಯಮ್ಮನವರಿಗೆ, ಈ ಸಲ ಮನಸಾರೆ ಸ್ತೋತ್ರ. ನಾಳೆ ಕೆರೆ ಕಡೆಯ ಹೊಲದಲ್ಲಿ ಮೂವರೂ ನಿಂತು ಅದನ್ನು ಗಟ್ಟಿಯಾಗಿ ಹೇಳುತ್ತೇವೆ.

ನಿಮ್ಮ ಸಹೋದರಿ,
ರೀಟಾ, ಬ್ರಹ್ಮಪುರ, ಕಲಬುರಗಿ