ಗೋಡೆಯ ಹೊಟ್ಟೆ

“ಅಮ್ಮಾ, ಆ ಆಜೋಬಾ ನಮ್ಮ ಗೋಡೆಗೆ ಯಾಕೆ ಗಾಲಿ ಕೊಡ್ತಾರೆ?”

ಐದು ವರ್ಷದ ಶ್ರೀಪ್ರಿಯಾ ಮರಾಠಿಯ ಅಜ್ಜನಿಗೆ ಹಿಂದಿಯ ಬೈಗುಳ ಸೇರಿಸಿ, ಕನ್ನಡದ ಬಾಲ ಅಂಟಿಸಿ ಕೇಳಿದಳು. ಬೇರೆ ದಿನವಾಗಿದ್ದರೆ ಮುಕ್ತಾ ನಕ್ಕುಬಿಡುತ್ತಿದ್ದಳು. ಅಟ್ಟಣಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತ, ಮನೆ ಕಟ್ಟುವ ಗೌಂಡಿ ಮಹಾದೇವಪ್ಪ ಒಂದೊಂದು ಇಟ್ಟಿಗೆಗೂ ಒಂದೊಂದು ಮಾತು ಉಗಿದು ಇಡುತ್ತಿದ್ದ.

“ಗೋಡೆಗಲ್ಲ ಮಗಾ, ನನಗೆ,” ಎಂದಳು ಮುಕ್ತಾ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ.

ಈ ಮನೆಯ ಹಟ ಹುಟ್ಟಿದ್ದು ಮುಂಬಯಿ ಬಳಿಯ ಡೊಂಬಿವಲಿಯ ಬಾಡಿಗೆ ಮನೆಯಲ್ಲಿ. ಅದು ಟೆರೇಸಿನ ಕೆಳಗಿನ ಕೊನೆಯ ಅಂತಸ್ತು. ಏಪ್ರಿಲ್ ಬಂದರೆ ತಲೆಯ ಮೇಲೂ ಬಿಸಿ, ಪಡುವಣ ಗೋಡೆಯಲ್ಲೂ ಬಿಸಿ. ಮಗುವಿನ ಬೆನ್ನು ಬೆವರುಸಾಲೆಯಿಂದ ಕೆಂಪಗೆ ದದ್ದೇಳುತ್ತಿತ್ತು. ಅದಕ್ಕೆ ಪೌಡರು ಹಾಕುತ್ತಲೇ ಮುಕ್ತಾ ಮನಸ್ಸಿನಲ್ಲಿ ಇನ್ನೊಂದು ಮನೆ ಕಟ್ಟತೊಡಗಿದ್ದಳು. ಸ್ಟೇಷನ್ ಬಳಿ ಹೋಟೆಲ್ ನಡೆಸುವ ಗಂಡ ಮಧ್ವೇಶ, “ಒಂದು ಏಸಿ ಹಾಕಿದರೆ ಮುಗಿಯಿತಲ್ಲ ಮಾರಾಯ್ತಿ,” ಎಂದ. ಅವಳಿಗೆ ಅದು ಮುಗಿಯುವ ಮಾತಾಗಿರಲಿಲ್ಲ. ಕಲ್ಯಾಣ ಪೂರ್ವದಲ್ಲಿ, ಮಲಂಗ ರಸ್ತೆಯಿಂದ ಒಳಗೆ ಅವರದೇ ಎರಡು ಗುಂಟೆ ಜಾಗ ಇತ್ತು. ಖಾರಘರದ ಎಂಜಿನಿಯರ್ ಸೋನಾಲಿ ಅಲ್ಲಿಗೆ ನಕ್ಷೆ ಬರೆದುಕೊಟ್ಟಳು: ಗಾಳಿ ಬರುವ ಕಡೆ ಕಿಟಕಿ, ಹೋಗುವ ಕಡೆ ಬೆಳಕಿಂಡಿ, ಪಡುವಣಕ್ಕೆ ಉದ್ದ ಚಾಚಿದ ಸೂರು. ಗೋಡೆಗಳಲ್ಲಿ ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಾಗಿ ನಿಲ್ಲಿಸಿ ಕಟ್ಟಬೇಕು. ಆಗ ನಡುವೆ ಖಾಲಿ ಜಾಗ ಉಳಿಯುತ್ತದೆ, ಆ ಖಾಲಿ ಬಿಸಿಯನ್ನು ತಡೆಯುತ್ತದೆ.

“ಇದಕ್ಕೆ ಇಲಿಬೋನು ಕಟ್ಟು ಅಂತ ಹೆಸರುಂಟು,” ಎಂದು ಮುಕ್ತಾ ನಕ್ಷೆ ಬಿಚ್ಚಿದ ದಿನವೇ ಮಹಾದೇವಪ್ಪನ ಮೂಗು ಅರಳಿತ್ತು.

“ಇಲಿಬೋನ? ಬಾಯಾರೆ, ನಾ ಮನಿ ಕಟ್ಲಾಕ ಬಂದೀನೊ, ಇಲಿ ಹಿಡೀಲಾಕ ಬಂದೀನೊ?”

ಇಟ್ಟಿಗೆ ಹೊರಲು ಜೊತೆಗೆ ಬಂದಿದ್ದ ಅವನ ಹೆಂಡತಿ ಚಂದ್ರಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನು ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಒಣಗಿತು.

ಅವನು ಕಲಬುರಗಿ ಸೀಮೆಯವನು. ಅವನ ಅಪ್ಪನೂ ಗೌಂಡಿಯೇ. ಅವರ ಊರಿನ ಕಲ್ಲಿನ ಗೋಡೆಗೆ ಎರಡು ಮೈ. ನಡುವೆ ಮಣ್ಣು, ಜಲ್ಲಿ ಹಾಕಿ ಬಡಿದು ಬಡಿದು ತುಂಬುತ್ತಾರೆ. ಅದಕ್ಕೆ ಗೋಡೆಯ ಹೊಟ್ಟೆ ಎನ್ನುತ್ತಾರೆ. ಹುಡುಗನಿದ್ದಾಗ ಒಮ್ಮೆ ಆ ಹೊಟ್ಟೆಯಲ್ಲಿ ಒಂದು ಗೇಣು ಖಾಲಿ ಬಿಟ್ಟಿದ್ದಕ್ಕೆ ಅಪ್ಪ ಮಟ್ಟಗೋಲಿನಿಂದಲೇ ಬಾರಿಸಿದ್ದನಂತೆ. ಹದಿನೈದಕ್ಕೆ ಠಾಣೆಗೆ ಬಂದವನು ಚಾಳು ಕಟ್ಟಿದ, ಖಾರಘರದ ಟವರು ಕಟ್ಟಿದ, ವಿಠ್ಠಲವಾಡಿಯಲ್ಲಿ ರೈಲು ಹಳಿಯ ಮಗ್ಗುಲಿನ ತಗಡಿನ ಖೋಲಿಯಲ್ಲಿ ಸಂಸಾರ ಮಾಡಿದ. ಎತ್ತರಕ್ಕೆ ಹತ್ತಲು ಮಂಡಿ ಒಪ್ಪದಾದಾಗ ಕನ್ನಡದವರ ಒಂಟಿ ಮನೆ ಎಂದು ಈ ಕೆಲಸ ಹಿಡಿದಿದ್ದ. ಬೆಳಿಗ್ಗೆ ಕೂಲಿಯವರು ನಿಲ್ಲುವ ಕಲ್ಯಾಣದ ನಾಕಾದಲ್ಲಿ ಅವನಿಗೊಂದು ಹೆಸರಿತ್ತು. ಊರ ಕಡೆಯವರು ವಿಠ್ಠಲವಾಡಿಯಲ್ಲಿ ಒಂದು ಸಮಾಜ ಭವನ ಕಟ್ಟುವವರಿದ್ದರು. ಅದಕ್ಕೆ ಮುಖ್ಯ ಗೌಂಡಿ ಮಹಾದೇವಪ್ಪನೇ ಎಂದು ಹಿರಿಯರು ಹೆಚ್ಚುಕಡಿಮೆ ಮಾತು ಕೊಟ್ಟಿದ್ದರು. ಅವನ ಬಾಳಿನಲ್ಲಿ ಸ್ವಂತದವರಿಗೆಂದು ಕಟ್ಟುವ ಮೊದಲ ಕಟ್ಟಡ ಅದು.

ಅದಕ್ಕೆ ಕಲ್ಲು ಹಾಕಿದವಳು ಮುಕ್ತಾ.

ಮೂಡಣ ಗೋಡೆ ಎದೆಮಟ್ಟ ಎದ್ದಾಗ ಇನ್ನಿಬ್ಬರು ಆಳು ಬೇಕೆಂದು ಅವಳೇ ನಾಕಾಕ್ಕೆ ಹೋದಳು. ಅವನು ಎಷ್ಟೇ ಗೊಣಗಿದರೂ ಕೆಲಸ ಚೆನ್ನಾಗಿತ್ತು, ನಾಲ್ಕು ಜನರೆದುರು ಒಂದು ಒಳ್ಳೆಯ ಮಾತು ಹೇಳಿದರೆ ಅದು ಅವನಿಗೆ ಮುಟ್ಟಿ ಮುಖ ಸಡಿಲವಾದೀತು ಎಂದುಕೊಂಡು, “ನಮ್ಮ ಮಹಾದೇವಪ್ಪನವರ ಹಾಗೆ ಟೊಳ್ಳು ಗೋಡೆ ಕಟ್ಟುವವರು ಈ ಕಲ್ಯಾಣದಲ್ಲೇ ಇಲ್ಲ!” ಎಂದಳು.

ಉಡುಪಿ ಕಡೆಯ ಮುಕ್ತಾಳ ಕಿವಿಗೆ ಟೊಳ್ಳು ಎಂದರೆ ಒಳಗೆ ಖಾಲಿ, ಅಷ್ಟೇ. ಆ ನಾಕಾದಲ್ಲಿ ಟೊಳ್ಳು ಎಂದರೆ ಮಾಲಕನ ಇಟ್ಟಿಗೆ ಕದ್ದು ಹೊರಮೈ ಮಾತ್ರ ನಿಲ್ಲಿಸಿ ಓಡುವವನ ಕೆಲಸ. ಗುರುನಾಥ ಎಂಬ ಗೌಂಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಭವನದ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು.

“ಕೇಳಿದ್ರೇನ್ರೋ! ಮನಿ ಮಾಲಕೀನೇ ಸರ್ಟಿಫಿಕೇಟ್ ಕೊಟ್ಲಪ್ಪೋ! ಟೊಳ್ಳ ಮಾದಪ್ಪಗ ಜಾಗಾ ಬಿಡ್ರೋ!”

ಸಂಜೆಯೊಳಗೆ ಆ ಹೆಸರು ವಿಠ್ಠಲವಾಡಿ ತಲುಪಿತು. ಮರುದಿನದಿಂದ ಮಹಾದೇವಪ್ಪ ಮುಕ್ತಾಳ ಚಹಾ ಮುಟ್ಟಲಿಲ್ಲ. ನೀರನ್ನೂ ಮನೆಯಿಂದಲೇ ಬಾಟಲಿಯಲ್ಲಿ ತಂದ.

ಪಡುವಣ ಗೋಡೆಯನ್ನು ಅವನು ಹಟಕ್ಕೆ ಬಿದ್ದವನಂತೆ ಎತ್ತಿದ. ನಾಲ್ಕನೆಯ ದಿನ ಮುಕ್ತಾಳಿಗೆ ಏನೋ ಅನುಮಾನ ಬಂತು. ಅವನು ಊಟಕ್ಕೆ ಇಳಿದಾಗ ಸೆರಗು ಸಿಕ್ಕಿಸಿ ಅಟ್ಟಣಿಗೆ ಹತ್ತಿ, ಗೋಡೆಯ ನಡುವಿನ ಸಂದಿಗೆ ಕಬ್ಬಿಣದ ಸರಳು ಇಳಿಸಿದಳು. ಬುಡದವರೆಗೆ ಹೋಗಬೇಕಾದ ಸರಳು ಒಂದು ಗೇಣಿಗೆ ನಿಂತಿತು. ಬೇರೆ ಕಡೆ ಇಳಿಸಿದಳು. ಅಲ್ಲೂ ಗೇಣು.

“ಒಳಗೆ ಎಂತ ತುಂಬಿಸಿದ್ದೀರಿ?”

ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. “ಇಟ್ಟಂಗಿ ಚೂರು, ಮಣ್ಣು. ನಿಮ್ಮ ಗ್ವಾಡಿ ಉಪಾಸ ಇತ್ತು. ಉಣಿಸೀನಿ.”

“ಅದು ನನ್ನ ಮಗುವಿನ ಕೋಣೆಯ ಗೋಡೆ! ಸಾಯಂಕಾಲದ ಬಿಸಿಲು ಪೂರಾ ಒಳಗೆ ಇಳಿಯುತ್ತದೆ ಇನ್ನು. ನಿಮಗೆ ಹೇಳಿ ಹೇಳಿ ನನ್ನ ಗಂಟಲು ಹರಿದುಹೋಯ್ತು, ತಲೆಗೆ ಹೋಗುವುದಿಲ್ವಾ?”

“ನಾಕಾದಾಗ ನಿಂತು ನನ್ನ ಮಾನ ಹರದ್ರಿ. ಅದು ನಿಮ್ಮ ತಲಿಗೆ ಹೋಗ್ಯಾದೇನ್ರಿ?”

“ನಾನು ಹೊಗಳಿದ್ದು!”

“ಆ ಹೊಗಳಿಕಿ ನಿಮ್ಮ ಹೋಟೆಲ್ನಾಗ ಇಡ್ಲಿ ಸಂಗಟ ಮಾರ್ರಿ. ಭವನದ ಮಂದಿ ನನ್ನ ಕಂಡ್ರ ದಾರಿ ಬದಲಿ ಮಾಡ್ಲಾಕತ್ತಾರ.”

ಮುಕ್ತಾಳಿಗೆ ಒಳಗೊಳಗೆ ಚುಚ್ಚಿತು. ಆದರೆ ಮಗುವಿನ ಬೆನ್ನು ಕಣ್ಣೆದುರು ಬಂದು, ಕ್ಷಮೆ ಕೇಳಬೇಕಿದ್ದ ಬಾಯಿ ಬೇರೆಯೇ ಆಡಿತು. “ಇವತ್ತೇ ಒಡೆದು ಕಟ್ಟಿ. ಇಲ್ಲದಿದ್ದರೆ ನಾಳೆ ಗುರುನಾಥನನ್ನು ಕರೆಸ್ತೇನೆ.”

ಅವನು ಎದ್ದ. ರೊಟ್ಟಿಯ ಗಂಟು ಚಂದ್ರಬಾಯಿಯ ಮಡಿಲಿಗೆ ಬಿತ್ತು.

“ನಾ ಇಟ್ಟ ಇಟ್ಟಂಗಿಗೆ ಆ ಮಗಾ ಕೈ ಹಚ್ಚಿದ್ರ ಕೈ ಕಡೀತೀನಿ.”

ಆ ಮಧ್ಯಾಹ್ನವೇ ಸುತ್ತಿಗೆ ಎತ್ತಿದ. ನಾಲ್ಕು ದಿನದ ಗೋಡೆ ಎರಡು ಗಂಟೆಯಲ್ಲಿ ನೆಲ ಸೇರಿತು. ಚಂದ್ರಬಾಯಿ ಒಡೆಯದೆ ಉಳಿದ ಇಟ್ಟಿಗೆಗಳನ್ನು ಕೆರೆದು ಜೋಡಿಸುತ್ತ, “ಇಬ್ರಿಗೂ ಸೊಕ್ಕು. ಬೆನ್ನು ಮಾತ್ರ ನಂದು,” ಎಂದಳು.

ಮುಂದಿನ ಒಂದು ವಾರ ಅವನು ಮುಕ್ತಾಳೊಡನೆ ಒಂದು ಶಬ್ದ ಆಡಲಿಲ್ಲ. ಅವಳು ದಿನಕ್ಕೆರಡು ಸಲ ಹತ್ತಿ ಸರಳು ಇಳಿಸಿ ನೋಡುವಾಗ ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದ. ಸರಳು ಪ್ರತಿಸಲವೂ ಬುಡ ಮುಟ್ಟಿತು. ಶನಿವಾರ ಗೋಡೆ ಸೂರಿನ ಮಟ್ಟ ತಲುಪಿತು. ಸಂಜೆ ನಾಲ್ಕಕ್ಕೆ ಹೊರಗಿನ ಇಟ್ಟಿಗೆ ಕೈ ಸುಡುತ್ತಿತ್ತು; ಒಳಗೆ ಮುಕ್ತಾ ಅಂಗೈ ಊರಿದಳು, ಕೆನ್ನೆ ಊರಿದಳು. ತಣ್ಣಗಿತ್ತು.

ತಿರುಗಿದರೆ ಬಾಗಿಲಲ್ಲಿ ಮಹಾದೇವಪ್ಪ.

“ನಾಳಿ ಐತ್ವಾರ ಭವನದ ಹಿರ್ಯಾರು ಇಲ್ಲಿಗಿ ಬರ್ಲಾಕತ್ತಾರ. ನೋಡ್ಕೊಂಡ ಬರ್ರಿ ಅಂತ ಗುರುನಾಥನೇ ಕಳಿಸ್ಲಾಕತ್ತಾನ.”

“ಬರಲಿ. ಕೈ ಇಟ್ಟು ನೋಡಲಿ. ಎಲ್ಲ ನಾನೇ ಬಿಡಿಸಿ ಹೇಳ್ತೇನೆ.”

“ಬ್ಯಾಡ!” ಅವನು ಗದರಿದ. “ನಿಮ್ಮ ಬಾಯಿಂದ ಆದದ್ದು ಸಾಕು. ಗ್ವಾಡಿ ಛಲೋ ಆಗ್ಯಾದ, ನನಗೂ ಗೊತ್ತದ. ಅವ್ರು ಕೈ ಇಡಂಗಿಲ್ಲ, ಬಡದು ನೋಡ್ತಾರ. ಟೊಳ್ಳ ಸಪ್ಪಳ ಕೇಳಿತು ಅಂದ್ರ ಭವನ ನನ್ನ ಕೈ ಬಿಡ್ತು.”

ಅವನು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿದ.

“ಒಂದು ಉಪಕಾರ ಮಾಡ್ರಿ. ಪಾಯಾ ಮುಗಿಸಿ ಜಗಳಾಡಿ ಬಿಟ್ಟು ಹ್ವಾದ ಅನ್ರಿ ನನಗ. ಜಗಳ ಏನು ಸುಳ್ಳಲ್ಲ. ನಾಕಾದಾಗ ನನ್ನ ಹೆಸರು ಬಾಯಿ ತಪ್ಪಿ ಬಂತು ಅನ್ರಿ.”

“ಮತ್ತೆ ಗೋಡೆ ಯಾರು ಕಟ್ಟಿದ್ದು ಅಂತ ಹೇಳಲಿ?”

“ಗುರುನಾಥ ಅನ್ರಿ.”

“ಅವನು ಅಲ್ಲ ಅಂತಾನಲ್ಲ?”

“ಅನ್ಲಿ. ಕಳ್ಳಗ ನೀನೇ ಕಳ್ಳ ಅಂದ್ರ ಹೂಂ ಅಂತಾನೇನ್ರಿ? ಪಾಯಾ ನಂದು ಅನ್ರಿ ಬಾಯಾರೆ. ಮ್ಯಾಲಿನ ಟೊಳ್ಳೆಲ್ಲ ಗುರುನಾಥಂದು.”