ಈಜುಡುಗೆಗೆ ಅಳತೆ ಬ್ಲೌಸು

ಮಗುವಾದ ಮೇಲೆ ನನ್ನ ಹೊಟ್ಟೆಯ ಮೇಲೆ ಮಾಲೂರಿನವರಿಗೆಲ್ಲ ಹಕ್ಕು ಬಂದುಬಿಟ್ಟಿತು. ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಮುಖ ನೋಡಿ ನಗುತ್ತಿದ್ದ ಹೆಂಗಸರು ಈಗ ಬೀದಿಯಲ್ಲಿ ಸಿಕ್ಕರೆ ಹೊಟ್ಟೆ ನೋಡಿ ಮಾತಾಡಿಸತೊಡಗಿದರು. “ಬಾಣಂತನದಲ್ಲಿ ಹೊಟ್ಟೆ ಕಟ್ಟಲಿಲ್ವಾ?” ಎಂಬುದು ಎಲ್ಲರ ಮೊದಲ ಪ್ರಶ್ನೆ. ಕಟ್ಟಿದ್ದರು, ಮಹಾತಾಯಿ. ಆಪರೇಷನ್ನಿನ ಹೊಲಿಗೆ ಒಣಗಿದ್ದೇ ತಡ, ಹಳೇ ಕಾಟನ್ ಸೀರೆಯಲ್ಲಿ ಉಸಿರು ಸಿಕ್ಕಿಕೊಳ್ಳುವಂತೆ ಬಿಗಿದಿದ್ದರು. ಹೊಟ್ಟೆ ತನ್ನ ಪಾಡಿಗೆ ತಾನಿತ್ತು.

ನನ್ನ ಚಿಂತೆ ಹೊಟ್ಟೆಯದಾಗಿರಲಿಲ್ಲ, ಬೆನ್ನಿನದಾಗಿತ್ತು. ಎಂಟು ತಿಂಗಳ ಮಗಳನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಲು ಬಗ್ಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೋಲಾರದ ಡಾಕ್ಟರಮ್ಮ “ಈಜು ಬರುತ್ತಾ? ಬಂದರೆ ಈಜಿ, ಬೆನ್ನು ಗಟ್ಟಿಯಾಗುತ್ತೆ” ಎಂದರು. ಬರುತ್ತದೆ. ಯಲ್ದೂರಿನ ಹತ್ತಿರ ನಮ್ಮ ಮಾವಿನ ತೋಟದ ಬಾವಿಯಲ್ಲಿ ಕಲಿತವಳು ನಾನು. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ, ಹಗ್ಗದ ತುದಿ ಹಿಡಿದು, ಅಮ್ಮ ಬಾವಿಯ ಮೆಟ್ಟಿಲ ಮೇಲೆ ನಿಂತು ಕೂಗಿ ಕೂಗಿ ಕಲಿಸಿದ್ದಳು. ತಾನು ಮಾತ್ರ ಒಂದು ದಿನವೂ ಪಾದಕ್ಕಿಂತ ಮೇಲೆ ನೆನೆಸಿಕೊಂಡವಳಲ್ಲ. ಈಜು ಬಾರದವಳ ಹತ್ತಿರ ಈಜು ಕಲಿತೆ ಎಂದು ಹೇಳಿ ನಾನು ಕಾಲೇಜಿನಲ್ಲಿ ಗೆಳತಿಯರನ್ನು ನಗಿಸುತ್ತಿದ್ದೆ.

ಕೋಲಾರದ ಈಜುಕೊಳದಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ಹೆಂಗಸರಿಗೇ ಮೀಸಲು. ನೈಟಿ, ಚೂಡಿದಾರ್ ಹಾಕಿಕೊಂಡು ಇಳಿಯುವಂತಿಲ್ಲ, ಸ್ವಿಮ್ಮಿಂಗ್ ಕಾಸ್ಟ್ಯೂಮೇ ಬೇಕು. ನನ್ನ ಗಂಡ ತಟ್ಟನೆ ಸಲಹೆ ಕೊಟ್ಟರು: “ಕಪ್ಪು ತಗೋ ಕಣೇ, ಸಣ್ಣ ಕಾಣ್ತೀಯ.” ನಾನು ಬಸುರಿಯಾಗಿದ್ದ ಒಂಬತ್ತು ತಿಂಗಳು ಅವರ ಹೊಟ್ಟೆಯೂ ನನ್ನದರ ಜೊತೆಜೊತೆಗೇ ಬೆಳೆದಿತ್ತು. ಅವರದರಲ್ಲಿ ಮಗು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಕಪ್ಪು ಹಾಕಿಕೋ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೋಲಾರದ ಅಂಗಡಿಯಲ್ಲಿ ಒಳಉಡುಪಿನ ಹಾಗೆ ಇದನ್ನೂ ಹಾಕಿ ನೋಡುವಂತಿಲ್ಲ ಎಂದು ಮೊದಲೇ ವಿಚಾರಿಸಿದ್ದೆ. ಅದಕ್ಕೇ ಬ್ಯಾಗಿನಲ್ಲಿ ಅಳತೆ ಬ್ಲೌಸ್ ಇಟ್ಟುಕೊಂಡು ಹೋದೆ. ಹೊಸ ಬ್ಲೌಸ್ ಹೊಲಿಯಲು ಕೊಡುವಾಗ ಮೈಗೆ ಸರಿಯಾಗಿ ಕೂರುವ ಹಳೇ ಬ್ಲೌಸೊಂದನ್ನು ಜೊತೆಗೆ ಕೊಡುತ್ತೇವಲ್ಲ, ಅದೇ. ನನ್ನದು ಮದುವೆಯದು. ಏಳು ವರ್ಷದಿಂದ ಅದನ್ನೇ ಕೊಡುತ್ತಿದ್ದೆ, ಹೊಸವೆಲ್ಲ ಸರಿಯಾಗಿಯೇ ಬರುತ್ತಿದ್ದವು. ಮದುವೆಯ ಅಳತೆ ಇನ್ನೂ ಬದಲಾಗಿಲ್ಲ ಎಂದು ನಾನು ಹೇಳಿಕೊಂಡು ತಿರುಗದ ಮನೆಯಿಲ್ಲ. ಓದಿದವಳು, ಸಂಬಳ ತರುತ್ತಿದ್ದವಳು, ಬ್ಲೌಸ್ ತೋರಿಸಿ ಈಜುಡುಗೆ ಕೇಳಿದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಂಗಡಿಯ ಹುಡುಗಿ ಆ ಬ್ಲೌಸನ್ನು ಟೇಬಲ್ಲಿನ ಮೇಲೆ ಹರಡಿ, ಟೇಪು ಹಿಡಿದು, ನಾಲ್ಕು ಕಾಸ್ಟ್ಯೂಮ್ ತೆಗೆದಳು. ಪ್ರತಿಯೊಂದಕ್ಕೂ ಅವಳಲ್ಲಿ ಒಂದೇ ವರ್ಣನೆ. “ಇದ್ರಲ್ಲಿ ಹೊಟ್ಟೆ ಕಾಣಲ್ಲ ಅಕ್ಕ.” “ಇದ್ರಲ್ಲಿ ತೊಡೆ ಮುಚ್ಚುತ್ತೆ.” “ಇದಕ್ಕೆ ಸ್ಕರ್ಟ್ ಇದೆ, ಏನೂ ಗೊತ್ತಾಗಲ್ಲ.” ಈಜೋದಕ್ಕೆ ಯಾವುದು ಅನುಕೂಲ ಎಂದು ಕೇಳಿದೆ. ಆ ಪ್ರಶ್ನೆ ಅವಳಿಗೆ ಹೊಸದು. ಕಪ್ಪು ಬಣ್ಣದ, ಸ್ಕರ್ಟಿನ, ಏನೂ ಗೊತ್ತಾಗದ ಅದನ್ನೇ ತೆಗೆದುಕೊಂಡು ಬಂದೆ. ಗಂಡನನ್ನು ಬೈಯುವುದೆಲ್ಲ ಬೈದು ಕೊನೆಗೆ ಅವರು ಹೇಳಿದ್ದನ್ನೇ ಕೊಂಡವಳು ನಾನು.

ಮನೆಯಲ್ಲಿ ಹಾಕಿಕೊಂಡೆ. ಹಾಕಿಕೊಂಡೆ ಎನ್ನುವುದು ದೊಡ್ಡ ಮಾತು. ತೊಡೆ ದಾಟಿಸುವಷ್ಟರಲ್ಲಿ ಬೆವರು ಕಿತ್ತುಬಂತು. ಹೊಟ್ಟೆ ಅಡಗಿಸುವ ಗಟ್ಟಿ ಪಟ್ಟಿ ಸರಿಯಾಗಿ ಆಪರೇಷನ್ ಹೊಲಿಗೆಯ ಮೇಲೆ ಕೂತಿತು. ಎದೆ ಒತ್ತಿ ಹಾಲು ಸೋರಿತು. ಆಗಲೇ ಮಗಳು ಅಳಲು ಶುರು ಮಾಡಿದಳು. ಹಾಲು ಕೊಡೋಣವೆಂದರೆ ಅದನ್ನು ಮೇಲಿಂದಲೂ ಬಿಚ್ಚಲಾಗಲಿಲ್ಲ, ಕೆಳಗಿಂದಲೂ ಬಿಚ್ಚಲಾಗಲಿಲ್ಲ. ಕನ್ನಡಿಯ ಮುಂದೆ ಕೂತು ನಾನೂ ಅತ್ತೆ. ಇನ್ನು ನೀರಿಗಿಳಿಯುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡೆ.

ಸಂಜೆ ಅದನ್ನು ಹಿಡಿದು ನಮ್ಮ ಬೀದಿಯ ಟೈಲರಮ್ಮನ ಹತ್ತಿರ ಹೋದೆ. ಮದುವೆಯಿಂದ ಈಚೆಗೆ ನನ್ನ ಬ್ಲೌಸೆಲ್ಲ ಹೊಲಿಯುವವರು ಅವರೇ. ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡಿ ಎಂದೆ.

“ಇದ್ರಲ್ಲಿ ಬಿಚ್ಚೋಕೆ ಒಳಗೆ ಬಟ್ಟೆ ಎಲ್ಲಿ ಬಿಟ್ಟಿರ್ತಾರಮ್ಮ?” ಎಂದು ತಿರುಗಿಸಿ ನೋಡಿದರು. “ಯಾವ ಅಳತೆಗೆ ತಗೊಂಡ್ರಿ?”

“ಅಳತೆ ಬ್ಲೌಸ್ ಕೊಟ್ಟಿದ್ದೆ.”

ಅವರು ಅದನ್ನು ಮಿಷನ್ನಿನ ಮೇಲಿಟ್ಟು ನಕ್ಕರು. “ಅಯ್ಯೋ ದೇವುಡಾ, ಆ ಬ್ಲೌಸಾ? ಅದನ್ನ ನೋಡೋದು ನಾನು ಬಿಟ್ಟು ಎಷ್ಟೋ ವರ್ಷ ಆಯ್ತು. ನೀವು ಕೊಡ್ತೀರ, ನಾನು ಇಸ್ಕೊಂತೀನಿ. ನಿಮ್ಮನ್ನ ನೋಡ್ಕೊಂಡು ಹೊಲೀತೀನಿ. ಈ ಬೀದಿಗೆಲ್ಲ ಹಂಗೇನೇ.”

ಮೈಯೆಲ್ಲ ಉರಿದುಹೋಯಿತು. ಏಳು ವರ್ಷ ನಾನು ಜಂಬ ಕೊಚ್ಚಿಕೊಂಡಿದ್ದು ಈ ಹೆಂಗಸಿನ ದಾಕ್ಷಿಣ್ಯದ ಮೇಲೆ. ಆದರೆ ಅವರು ಸುಮ್ಮನೆ ಎದ್ದು, ಟೇಪು ತಂದು, ಎದೆ, ಸೊಂಟ, ಹೊಟ್ಟೆ ಅಳೆದು ಚೀಟಿಯಲ್ಲಿ ಬರೆದುಕೊಟ್ಟರು. ಅಂಕಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗುವಾದ ಮೇಲೆ ಹಾಗೆ ಸುಮ್ಮನಿದ್ದವರು ಅವರೊಬ್ಬರೇ.

ಮತ್ತೆ ಅಂಗಡಿಗೆ ಹೋದೆ. ಭುಜಕ್ಕೆ ಅಗಲ ಪಟ್ಟಿ ಇರುವುದು, ಹಾಲು ಕೊಡಲು ಮುಂದೆ ಜಿಪ್ ಇರುವುದು, ಅರ್ಧ ತೊಡೆಯವರೆಗೆ ಬರುವುದು, ಹೊಲಿಗೆಯ ಮೇಲೆ ಒತ್ತದಂಥದ್ದು ಬೇಕು ಎಂದೆ. ಬಣ್ಣ ಕೆಂಪು. ಹುಡುಗಿ ದನಿ ತಗ್ಗಿಸಿ “ಹೊಟ್ಟೆ ಕಾಣುತ್ತೆ ಅಕ್ಕ” ಎಂದಳು. ಇದೆಯಲ್ಲ, ಕಾಣಲಿ ಎಂದೆ.

ಮಗುವನ್ನು ನೋಡಿಕೊಳ್ಳಲು ಊರಿನಿಂದ ಅಮ್ಮ ಬಂದಳು. ಕೊಳದ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಇದೇನು ದನ ನೀರು ಕುಡಿಯೋ ತೊಟ್ಟಿ ಇದ್ದಂಗಿದೆ” ಎಂದಳು. ನಾನು ಇಳಿದೆ. ನೀರು ಬೆನ್ನನ್ನು ಎತ್ತಿ ಹಿಡಿಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಎಲ್ಲೂ ನೋಯಲಿಲ್ಲ. ಎರಡು ಸುತ್ತು ಮುಗಿಸುವಷ್ಟರಲ್ಲಿ ದಂಡೆಯಿಂದ ಹಳೇ ದನಿ ಬಂತು: “ಮಂಡಿ ಮಡಿಸ್ಬೇಡ ಕಣೇ. ಕಾಲು ಸೊಂಟದಿಂದ ಬಡೀಬೇಕು.”

“ನಿಂಗೇನಮ್ಮ ಗೊತ್ತು, ಒಂದಿನ ನೀರಿಗೆ ಇಳಿದವಳಲ್ಲ” ಎಂದೆ.

“ಇಳೀತಿದ್ದೆ” ಎಂದಳು ಅಮ್ಮ. “ಮುಳಬಾಗಿಲ ಹತ್ರ ನಮ್ಮಪ್ಪನ ಬಾವೀಲಿ, ಮೇಲಿಂದ ಧುಮುಕ್ತಿದ್ದೆ. ಮದುವೆ ಆದ್ಮೇಲೆ ನಮ್ಮ ತೋಟದ ಬಾವೀಲೂ ಈಜ್ತಿದ್ದೆ. ನೀನು ಹುಟ್ಟಿದ್ಮೇಲೆ ಒಂದ್ಸಲ ಇಳಿದು ಮೇಲಕ್ಕೆ ಬಂದೆ, ಒದ್ದೆ ಸೀರೆ ಹೊಟ್ಟೆಗೆ ಅಂಟ್ಕೊಂಡಿತ್ತು. ಮೆಟ್ಲಲ್ಲಿ ನಿಮ್ಮಪ್ಪ ಕೂತಿದ್ರು.”

“ಏನಂದ್ರು?”

“ಏನೂ ಅನ್ಲಿಲ್ಲ. ನಕ್ರು, ಅಷ್ಟೇ.”

ನಾನು ದಂಡೆ ಹಿಡಿದುಕೊಂಡು ನೀರಿನಲ್ಲೇ ನಿಂತೆ. ಕಾಲೇಜಿನಲ್ಲಿ ಹೇಳಿ ನಗಿಸಿದ್ದು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಮ್ಮ ಬಗ್ಗಿ, ಸೀರೆ ಅಂಗಡಿಯಲ್ಲಿ ಸೆರಗು ನೋಡುವ ಹಾಗೆ, ನನ್ನ ಭುಜದ ಮೇಲಿನ ಕೆಂಪು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

“ಇದು ನನ್ನಂಥೋರ ಅಳತೇಲೂ ಸಿಗುತ್ತೇನೇ?”

“ಸಿಗುತ್ತೆ.”

“ಹಂಗಾದ್ರೆ ಊರಿಗೆ ಹೋದಾಗ ಅಳತೆ ಬ್ಲೌಸ್ ತರ್ತೀನಿ.”

“ಅದು ಬೇಡಮ್ಮ” ಎಂದೆ. “ನೀನು ಬಾ, ಸಾಕು.”